ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿ: ತಯಾರಿಕೆ, ವಯಸ್ಸು ಮತ್ತು ಆಸ್ವಾದನೆ

ಸಿಂಗಲ್ ಮಾಲ್ಟ್ ವಿಸ್ಕಿ: ಮೊಳೆಸಿದ ಬಾರ್ಲಿಯಿಂದಲೇ ತಯಾರಿಸಿ, ಒಂದೇ ಕಾರ್ಖಾನೆಯ ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿದ ಮದ್ಯ. ಇದರ ತವರು ಸ್ಕಾಟ್ಲೆಂಡ್. ಇಪ್ಪತ್ತೊಂದನೆಯ ಶತಮಾನದಲ್ಲಿ ಜಪಾನ್, ತೈವಾನ್ ಮತ್ತು ಭಾರತ ಈ ಕಲೆಯಲ್ಲಿ ಹೆಸರು ಮಾಡಿದವು. ಭಾರತದ ಮಟ್ಟಿಗೆ ಆ ಹೆಸರು ಮೊದಲು ಬಂದದ್ದು ಬೆಂಗಳೂರಿನಿಂದ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲೇ ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಹೆಚ್ಚು ವರ್ಷವಾದಷ್ಟೂ ವಿಸ್ಕಿ ಉತ್ತಮ ಎಂಬ ನಂಬಿಕೆ ಗಟ್ಟಿಯಾಗಿತ್ತು. ನಾಲ್ಕೈದು ವರ್ಷಕ್ಕೇ ಹದವಾಗಿ ಮಾಗಿದ ಬೆಂಗಳೂರಿನ ವಿಸ್ಕಿ ಆ ನಂಬಿಕೆಯನ್ನು ಮತ್ತೆ ಪರೀಕ್ಷೆಗೆ ಒಡ್ಡಿತು. ವರ್ಷಗಳ ಎಣಿಕೆ, ಮಾಗುವಿಕೆ ಮತ್ತು ಮೂಗು ನಾಲಿಗೆಗಳ ತೀರ್ಪು ಈ ಮೂರರ ಸಂಬಂಧವನ್ನು ಈ ಲೇಖನ ವಿವರಿಸುತ್ತದೆ.

ವ್ಯಾಖ್ಯೆ ಮತ್ತು ನಿಯಮ

ಸ್ಕಾಚ್ ವಿಸ್ಕಿಯ ಲಕ್ಷಣಗಳನ್ನು ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಾವಳಿ ಗೊತ್ತುಪಡಿಸುತ್ತದೆ. ಅದರಂತೆ ಮದ್ಯವನ್ನು ಸ್ಕಾಟ್ಲೆಂಡಿನಲ್ಲೇ ಇಳಿಸಬೇಕು. 700 ಲೀಟರಿಗೆ ಮೀರದ ಓಕ್ ಪೀಪಾಯಿಗಳಲ್ಲಿ ಅಲ್ಲಿಯೇ ಕನಿಷ್ಠ 3 ವರ್ಷ ಮಾಗಿಸಬೇಕು. ಬಾಟಲಿಗೆ ತುಂಬುವಾಗ ಆಲ್ಕೋಹಾಲ್ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಇರಬಾರದು. ನೀರು ಮತ್ತು ಬಣ್ಣಕ್ಕಾಗಿ ಬಳಸುವ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ. ಸಿಂಗಲ್ ಎಂದರೆ ಒಂದೇ ಕಾರ್ಖಾನೆಯದು. ಒಂದೇ ಪೀಪಾಯಿಯದಾದರೆ ಸಿಂಗಲ್ ಕ್ಯಾಸ್ಕ್ ಎನ್ನುತ್ತಾರೆ. ಸಾಮಾನ್ಯ ಸಿಂಗಲ್ ಮಾಲ್ಟಿನ ಒಂದು ಬಾಟಲಿಯಲ್ಲಿ ಅದೇ ಕಾರ್ಖಾನೆಯ ಹತ್ತಾರು ಪೀಪಾಯಿಗಳ ಮದ್ಯ ಬೆರೆತಿರಬಹುದು. ಬ್ಲೆಂಡೆಡ್ ವಿಸ್ಕಿಯಲ್ಲಿ ಹಲವು ಕಾರ್ಖಾನೆಗಳ ಮಾಲ್ಟಿನ ಜೊತೆಗೆ ಗೋಧಿ, ಮೆಕ್ಕೆಜೋಳ ಮುಂತಾದ ಧಾನ್ಯಗಳ ಮದ್ಯವೂ ಸೇರುತ್ತದೆ.

ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಮದ್ಯ ನಿಯಮಾವಳಿ ಸಿಂಗಲ್ ಮಾಲ್ಟ್ ಎಂಬ ಹೆಸರಿಗೆ ಇಂಥದೇ ಕಟ್ಟು ಹಾಕಿದೆ: ಮೊಳೆಸಿದ ಬಾರ್ಲಿ ಮಾತ್ರ, ಹಂಡೆಯ ಭಟ್ಟಿ ಮಾತ್ರ, ಒಂದೇ ಕಾರ್ಖಾನೆ. ನಮ್ಮ ಅಂಗಡಿಗಳಲ್ಲಿ ವಿಸ್ಕಿ ಎಂದು ಮಾರಾಟವಾಗುವ ಅಗ್ಗದ ಮದ್ಯದ ಬಹುಪಾಲಿಗೆ ಕಾಕಂಬಿಯ ಅಥವಾ ಧಾನ್ಯದ ಶುದ್ಧ ಮದ್ಯಸಾರವೇ ಆಧಾರ. ಕಾಕಂಬಿಯಿಂದ ಮಾಡಿದ್ದನ್ನು ಯುರೋಪಿನ ಕಾನೂನು ವಿಸ್ಕಿ ಎಂದೇ ಒಪ್ಪುವುದಿಲ್ಲ. ಆ ಹಿನ್ನೆಲೆಯಲ್ಲಿ ಭಾರತದ ಸಿಂಗಲ್ ಮಾಲ್ಟ್ ಹೊರದೇಶಗಳಲ್ಲಿ ಮೊದಲು ಗೆಲ್ಲಬೇಕಾಗಿದ್ದದ್ದು ನಂಬಿಕೆಯನ್ನು.

ಸ್ಕಾಟ್ಲೆಂಡಿನ ಹಿನ್ನೆಲೆ

ಸ್ಕಾಟ್ಲೆಂಡಿನ ರಾಜಖಜಾನೆಯ 1494ರ ಲೆಕ್ಕದಲ್ಲಿ ಜಾನ್ ಕಾರ್ ಎಂಬ ಸನ್ಯಾಸಿಗೆ ಮದ್ಯ ಇಳಿಸಲು 8 ಬೋಲ್ ಅಳತೆಯ ಮಾಲ್ಟ್ ಕೊಟ್ಟ ದಾಖಲೆ ಇದೆ. ಆ ದೇಶದಲ್ಲಿ ವಿಸ್ಕಿಯ ಪೂರ್ವರೂಪಕ್ಕೆ ಸಿಗುವ ಮೊದಲ ಲಿಖಿತ ಸಾಕ್ಷಿ ಅದು. ಸುಂಕದ ಹೊರೆಯಿಂದ ಬಹುಕಾಲ ಕಳ್ಳಭಟ್ಟಿಯಾಗಿಯೇ ನಡೆದ ಕಸುಬು 1823ರ ಅಬಕಾರಿ ಕಾಯ್ದೆ ಸುಂಕ ಇಳಿಸಿದ ಮೇಲೆ ಬೆಳಕಿಗೆ ಬಂತು. ಮರುವರ್ಷವೇ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಪರವಾನಗಿ ಪಡೆದ. 1830ರ ಸುಮಾರಿಗೆ ಈನಿಯಸ್ ಕಾಫಿ ರೂಪಿಸಿದ ನಿರಂತರ ಭಟ್ಟಿಯಿಂದ ಧಾನ್ಯದ ಮದ್ಯ ಅಗ್ಗವಾಗಿ, ಬ್ಲೆಂಡೆಡ್ ವಿಸ್ಕಿ ಜಗತ್ತನ್ನು ಆವರಿಸಿತು. ಮಾಲ್ಟ್ ಅದರೊಳಗಿನ ಒಂದು ಅಂಗವಾಗಿ ಉಳಿಯಿತು. ಗ್ಲೆನ್‌ಫಿಡಿಕ್ ಸಂಸ್ಥೆ 1963ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಹೊರನಾಡುಗಳಲ್ಲಿ ಮಾರಲು ಹೊರಟ ಮೇಲೆ ಅದಕ್ಕೆ ಸ್ವಂತ ಗುರುತು ಬಂತು. ಇಂದು ಸ್ಪೇಸೈಡ್, ಹೈಲ್ಯಾಂಡ್, ಲೋಲ್ಯಾಂಡ್, ಐಲಾ ಮತ್ತು ಕ್ಯಾಂಬೆಲ್‌ಟೌನ್ ಎಂಬ ಐದು ಪ್ರದೇಶಗಳನ್ನು ಕಾನೂನು ಗುರುತಿಸುತ್ತದೆ. ಸ್ಪೇಸೈಡ್ ಹಣ್ಣಿನ ಸವಿಗೆ, ಐಲಾ ದ್ವೀಪ ಹೊಗೆಯ ಘಾಟಿಗೆ ಪ್ರಸಿದ್ಧ.

ತಯಾರಿಕೆ

ಬಾರ್ಲಿ ಕಾಳನ್ನು ನೆನೆಸಿ, ಮೊಳಕೆ ಒಡೆಸಿ, ಮೊಳಕೆ ಬೆಳೆಯುವ ಮುನ್ನ ಒಣಗಿಸುವುದು ಮೊದಲ ಹಂತ. ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಸಿ, ಒಣಗಿಸಿ, ಬೀಸಿ ಮಕ್ಕಳಿಗೆ ಮಾಲ್ಟ್ ಮಾಡುವ ಮನೆಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಒಣಗಿಸುವ ಬೆಂಕಿಗೆ ಪೀಟ್ ಹಾಕಿದರೆ ಹೊಗೆಯ ಫಿನಾಲ್‌ಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಸಾವಿರಾರು ವರ್ಷ ಜವುಗು ನೆಲದಲ್ಲಿ ಕೊಳೆತು ಗಟ್ಟಿಯಾದ ಸಸ್ಯರಾಶಿಯೇ ಪೀಟ್. ಹೊಗೆಯ ವಿಸ್ಕಿಯ ಗುಣ ಬರುವುದು ಅದರಿಂದ.

ಒಣಗಿದ ಮಾಲ್ಟನ್ನು ತರಿಯಾಗಿ ಒಡೆದು ಸುಮಾರು 64 ಡಿಗ್ರಿ ಬಿಸಿನೀರಿನಲ್ಲಿ ಕಲಸಿದಾಗ ಸಕ್ಕರೆ ನೀರಿಗೆ ಇಳಿಯುತ್ತದೆ. ಈ ಸಿಹಿನೀರಿಗೆ ಯೀಸ್ಟ್ ಹಾಕಿ ಎರಡು ಮೂರು ದಿನ ಹುದುಗಿಸಿದರೆ ಶೇ. 7ರಿಂದ 9ರಷ್ಟು ಆಲ್ಕೋಹಾಲಿನ, ಬಿಯರಿನಂಥ ದ್ರವ ಸಿಗುತ್ತದೆ. ಹಣ್ಣು ಹೂವುಗಳ ಕಂಪು ಕೊಡುವ ಎಸ್ಟರ್‌ಗಳು ಮುಖ್ಯವಾಗಿ ಹುಟ್ಟುವುದು ಈ ಹುದುಗಿನಲ್ಲಿ. ಹುದುಗು ನಿಧಾನವಾದಷ್ಟೂ ಹಣ್ಣಿನ ಗುಣ ಹೆಚ್ಚು.

ಆ ದ್ರವವನ್ನು ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಇಳಿಸುತ್ತಾರೆ. ಎರಡನೆಯ ಸಲ ಮೊದಲು ಬರುವ ಘಾಟಿನ ಭಾಗವನ್ನೂ ಕೊನೆಗೆ ಬರುವ ಭಾರದ ಭಾಗವನ್ನೂ ಬೇರ್ಪಡಿಸಿ ನಡುವಿನದನ್ನು ಮಾತ್ರ ಹಿಡಿಯುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ಹಿಡಿಯಬೇಕೆಂಬುದು ಭಟ್ಟಿಯ ಮೇಸ್ತ್ರಿಯ ನಿರ್ಧಾರ. ಗಂಧಕದ ವಾಸನೆಯನ್ನು ತಾಮ್ರ ಹೀರಿಕೊಳ್ಳುತ್ತದೆ. ಹಂಡೆಯ ಕುತ್ತಿಗೆ ಉದ್ದವಿದ್ದರೆ ಮದ್ಯ ಹಗುರ, ಗಿಡ್ಡವಿದ್ದರೆ ಜಿಡ್ಡು ಮತ್ತು ಭಾರ. ಹೊರಬರುವ ಹೊಸ ಮದ್ಯ ನೀರಿನಷ್ಟೇ ತಿಳಿಯಾಗಿ, ಶೇ. 70ರ ಆಸುಪಾಸಿನ ಕಡುಪಿನಿಂದ ಕೂಡಿರುತ್ತದೆ. ಸ್ಕಾಟ್ಲೆಂಡಿನಲ್ಲಿ ಅದನ್ನು ನೀರಿನಿಂದ ಶೇ. 63.5ಕ್ಕೆ ಇಳಿಸಿ ಪೀಪಾಯಿಗೆ ತುಂಬುವುದು ರೂಢಿ.

ಪೀಪಾಯಿಯೊಳಗೆ ನಡೆಯುವುದು

ಮಾಗಿದ ವಿಸ್ಕಿಯ ಬಣ್ಣ ಬರುವುದು ಮರದಿಂದ. ರುಚಿಯ ದೊಡ್ಡ ಪಾಲೂ ಅಲ್ಲಿಂದಲೇ. ಓಕ್ ಹಲಗೆಯನ್ನು ಬೆಂಕಿಯಲ್ಲಿ ಸುಟ್ಟಾಗ ಅದರ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ವೆನಿಲಾ ಐಸ್‌ಕ್ರೀಮಿನ ಪರಿಮಳಕ್ಕೆ ಕಾರಣವಾದ ವಸ್ತು ಅದೇ. ಮರದ ಹೆಮಿಸೆಲ್ಯುಲೋಸ್ ಪಾಕದ ಸಿಹಿಯನ್ನೂ, ಲ್ಯಾಕ್ಟೋನ್‌ಗಳು ಕೊಬ್ಬರಿಯ ಕಂಪನ್ನೂ, ಟ್ಯಾನಿನ್‌ಗಳು ಒಗರನ್ನೂ ಕೊಡುತ್ತವೆ. ಒಳಮೈಯ ಇದ್ದಿಲು ಹಸಿ ಮದ್ಯದ ಕೆಟ್ಟ ವಾಸನೆಗಳನ್ನು ಎಳೆದುಕೊಳ್ಳುತ್ತದೆ. ಹಲಗೆಯ ಸಂದುಗಳಿಂದ ಒಳಬರುವ ಗಾಳಿಯ ಆಮ್ಲಜನಕ ಉಳಿದ ಒರಟುತನವನ್ನು ನಿಧಾನವಾಗಿ ತಗ್ಗಿಸುತ್ತದೆ.

ಹಿಂದೆ ಪೀಪಾಯಿಯಲ್ಲಿ ಏನಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಬರ್ಬನ್ ವಿಸ್ಕಿಯನ್ನು ಹೊಸ ಸುಟ್ಟ ಓಕಿನಲ್ಲೇ ಮಾಗಿಸಬೇಕೆಂದು ಅಲ್ಲಿನ ಕಾನೂನು ಹೇಳುವುದರಿಂದ, ಒಮ್ಮೆ ಬಳಸಿದ ಸುಮಾರು 200 ಲೀಟರಿನ ಬರ್ಬನ್ ಪೀಪಾಯಿಗಳು ಜಗತ್ತಿನ ಮಾಲ್ಟ್ ಕಾರ್ಖಾನೆಗಳಿಗೆಲ್ಲ ಹೋಗುತ್ತವೆ. ಅವು ವೆನಿಲಾ, ಜೇನು, ಕೊಬ್ಬರಿಯ ಕಡೆ ವಾಲಿಸುತ್ತವೆ. ಸ್ಪೇನಿನ ಶೆರಿ ಮದ್ಯವಿದ್ದ 500 ಲೀಟರಿನ ಪೀಪಾಯಿ ಒಣದ್ರಾಕ್ಷಿ, ಖರ್ಜೂರ, ಅಂಜೂರದ ಕಡೆ ಒಯ್ಯುತ್ತದೆ. ಪೀಪಾಯಿ ಚಿಕ್ಕದಾದಷ್ಟೂ ಮದ್ಯಕ್ಕೆ ಮರದ ಸೋಂಕು ಹೆಚ್ಚು. ಅದೇ ಪೀಪಾಯಿಯನ್ನು ಮೂರು ನಾಲ್ಕು ಸಲ ಬಳಸಿದರೆ ಮರದ ಶಕ್ತಿ ಕುಂದುತ್ತದೆ. ಸೋತ ಪೀಪಾಯಿಯಲ್ಲಿ ಇಪ್ಪತ್ತು ವರ್ಷ ಇಟ್ಟ ಮದ್ಯ, ಒಳ್ಳೆಯ ಪೀಪಾಯಿಯಲ್ಲಿ ಹತ್ತು ವರ್ಷ ಮಾಗಿದ್ದರ ಮುಂದೆ ಸಪ್ಪೆ ಎನಿಸುವುದು ಇದಕ್ಕಾಗಿಯೇ.

ಬೆಂಗಳೂರಿನ ಬಿಸಿಲು ಮತ್ತು ವಯಸ್ಸಿನ ಲೆಕ್ಕ

ಬಿಸಿಲು ಏರಿದಾಗ ಪೀಪಾಯಿಯ ಮದ್ಯ ಹಿಗ್ಗಿ ಹಲಗೆಯೊಳಕ್ಕೆ ಇಳಿಯುತ್ತದೆ, ತಂಪಾದಾಗ ಮರದ ಸಾರ ಹೊತ್ತು ಹಿಂದಿರುಗುತ್ತದೆ. ಸ್ಕಾಟ್ಲೆಂಡಿನ ತಣ್ಣನೆಯ ಉಗ್ರಾಣದಲ್ಲಿ ಈ ಓಡಾಟ ಮಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು 34-35 ಡಿಗ್ರಿ ಮುಟ್ಟುತ್ತದೆ, ಜನವರಿಯ ರಾತ್ರಿ 15ಕ್ಕೆ ಇಳಿಯುತ್ತದೆ. ಓಡಾಟ ಚುರುಕು, ಸಾರ ಇಳಿಯುವುದೂ ಬೇಗ.

ಇದಕ್ಕೆ ತೆರುವ ಬೆಲೆ ಆವಿಯಾಗುವ ಮದ್ಯ. ಉಗ್ರಾಣದಲ್ಲಿ ಹೀಗೆ ಕಡಿಮೆಯಾಗುವುದನ್ನು ಕಸುಬಿನವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನಲ್ಲಿ ಶೇ. 10ರಿಂದ 12. ಶೇ. 10 ಎಂದು ಹಿಡಿದು ಲೆಕ್ಕ ಹಾಕಿದರೆ, 200 ಲೀಟರಿನ ತುಂಬಿದ ಪೀಪಾಯಿಯಲ್ಲಿ 4 ವರ್ಷದ ಕೊನೆಗೆ ಸುಮಾರು 131 ಲೀಟರ್, 8 ವರ್ಷದ ಕೊನೆಗೆ ಸುಮಾರು 86 ಲೀಟರ್ ಉಳಿಯುತ್ತದೆ. ಅದೇ 8 ವರ್ಷ ಸ್ಕಾಟ್ಲೆಂಡಿನಲ್ಲಿದ್ದರೆ 170 ಲೀಟರ್ ಉಳಿದಿರುತ್ತದೆ. ಬೆಂಗಳೂರಿನಲ್ಲಿ 18 ವರ್ಷ ಇಡಲು ಹೋದರೆ ಪೀಪಾಯಿಯ ತಳದಲ್ಲಿ ಉಳಿಯುವುದು 30 ಲೀಟರ್ ಮಾತ್ರ. ಮರದ ಒಗರು ಮಿಕ್ಕೆಲ್ಲ ರುಚಿಯನ್ನು ನುಂಗಿಹಾಕುವ ಅಪಾಯವೂ ಇದೆ.

ಆದ್ದರಿಂದ ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ ಎಂಬ ಮಾತು ಚಾಲ್ತಿಗೆ ಬಂದಿದೆ. ಮರದ ಸಾರದ ಮಟ್ಟಿಗೆ ಅದು ಸ್ಥೂಲವಾಗಿ ಹೊಂದುತ್ತದೆ. ಆದರೆ ಮಾಗುವಿಕೆಯ ಎಲ್ಲ ಕ್ರಿಯೆಗಳೂ ಬಿಸಿಲಿನಿಂದ ಒಂದೇ ವೇಗದಲ್ಲಿ ನಡೆಯುವುದಿಲ್ಲ. ತಂಪಿನ ನಾಡಿನಲ್ಲಿ ಇಪ್ಪತ್ತೈದು ವರ್ಷ ಮಾಗಿದ ಮಾಲ್ಟಿನಲ್ಲಿ ಕಾಣುವ ಹಳೆಯ ಮೇಣ, ಒಣಗಿದ ಹಣ್ಣು, ಹಳೆಯ ಚರ್ಮದಂಥ ಸೂಕ್ಷ್ಮ ಪರಿಮಳಗಳಿಗೆ ಕಾಲವೇ ಬೇಕು. ಬೆಂಗಳೂರಿನ ಮಾಲ್ಟಿನ ಬಲ ಬೇರೆ ಕಡೆ ಇದೆ: ದಟ್ಟವಾದ ಬಾರ್ಲಿ, ಗಾಢವಾದ ಓಕ್, ಮಸಾಲೆಯ ಕಾವು. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಅಮೃತ್: ಕಂಬೀಪುರದಿಂದ ಗ್ಲಾಸ್ಗೋಗೆ

ಅಮೃತ್ ಡಿಸ್ಟಿಲರೀಸನ್ನು ಜೆ.ಎನ್. ರಾಧಾಕೃಷ್ಣರಾವ್ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಬ್ರಾಂದಿ, ರಮ್ಮುಗಳಿಂದ ಆರಂಭವಾದ ಸಂಸ್ಥೆ ಸೇನೆಯ ಕ್ಯಾಂಟೀನುಗಳಿಗೂ ಮದ್ಯ ಪೂರೈಸುತ್ತಿತ್ತು. 1976ರಲ್ಲಿ ಹೊಣೆ ಹೊತ್ತ ಮಗ ನೀಲಕಂಠರಾವ್ ಜಗದಾಳೆ ಬಾರ್ಲಿಯಿಂದ ಮಾಲ್ಟ್ ಇಳಿಸುವ ಕೆಲಸಕ್ಕೆ ಕೈಹಾಕಿದರು. 1980ರ ದಶಕದಲ್ಲಿ ಆ ಮಾಲ್ಟ್ ಸಂಸ್ಥೆಯ ಬ್ಲೆಂಡೆಡ್ ವಿಸ್ಕಿಗಳಿಗೆ ಬೆರೆಸಲು ಹೋಗುತ್ತಿತ್ತು. ಖರ್ಚಾಗದೆ ಉಳಿದ ಪೀಪಾಯಿಗಳು ಉಗ್ರಾಣದಲ್ಲಿ ಮಾಗುತ್ತ ಹೋದವು. ಅಲ್ಲಿ ಒಳ್ಳೆಯ ಸಿಂಗಲ್ ಮಾಲ್ಟ್ ಸಿದ್ಧವಾಗಿದೆ ಎಂಬುದು ಕ್ರಮೇಣ ಮನವರಿಕೆಯಾಯಿತು.

2001ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುತ್ತಿದ್ದ ನೀಲಕಂಠರ ಮಗ ರಕ್ಷಿತ್ ಜಗದಾಳೆ ಬ್ರಿಟನ್ನಿನ ಭಾರತೀಯ ಹೋಟೆಲುಗಳಲ್ಲಿ ಇಂಥ ವಿಸ್ಕಿ ಮಾರುವ ಸಾಧ್ಯತೆಯನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಗ್ಲಾಸ್ಗೋದ ಹೆಸರಾಂತ ವಿಸ್ಕಿ ಬಾರ್ ಪಾಟ್ ಸ್ಟಿಲ್‌ನಲ್ಲಿ ಹೆಸರು ಹೇಳದೆ ಮಾದರಿಯನ್ನು ಕುಡಿಯಲು ಕೊಟ್ಟಾಗ, ಅದು ಹತ್ತಾರು ವರ್ಷ ಮಾಗಿದ ಸ್ಕಾಚ್ ಎಂದೇ ಅಲ್ಲಿಯವರು ಭಾವಿಸಿದರು. 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಗ್ಲಾಸ್ಗೋದಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. ಹುಟ್ಟೂರು ಬೆಂಗಳೂರಿನ ಅಂಗಡಿಗಳಿಗೆ ಅದು ಬಂದದ್ದು 2010ರಲ್ಲಿ.

2009ರಲ್ಲಿ ಬಂದ ಅಮೃತ್ ಫ್ಯೂಷನ್ ಸಂಸ್ಥೆಯ ಹೆಸರನ್ನು ಎಲ್ಲೆಡೆ ಒಯ್ದಿತು. ಉತ್ತರ ಭಾರತದ ಬಾರ್ಲಿ ಮತ್ತು ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿ, ಎರಡರ ಮದ್ಯವನ್ನೂ ಬೇರೆ ಬೇರೆಯಾಗಿ ಮಾಗಿಸಿ ಆಮೇಲೆ ಕೂಡಿಸಿದ ವಿಸ್ಕಿ ಇದು. ಬ್ರಿಟನ್ನಿನ ವಿಮರ್ಶಕ ಜಿಮ್ ಮರ್ರೆ ತಮ್ಮ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ಇದಕ್ಕೆ 100ಕ್ಕೆ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದು ಕರೆದರು. ಈ ವಿಸ್ಕಿಗಳನ್ನು ರೂಪಿಸಿದವರಲ್ಲಿ ಸುರಿಂದರ್ ಕುಮಾರ್ ಮತ್ತು ಅಶೋಕ್ ಚೊಕ್ಕಲಿಂಗಂ ಪ್ರಮುಖರು.

2013ರಲ್ಲಿ ಸಂಸ್ಥೆ 8 ವರ್ಷ ಮಾಗಿದ ಗ್ರೀಡಿ ಏಂಜೆಲ್ಸ್ ಹೊರತಂದಿತು. ಹೆಸರಿನಲ್ಲಿರುವ ದುರಾಸೆಯ ದೇವತೆಗಳು ಬೆಂಗಳೂರಿನ ಬಿಸಿಲಿನಲ್ಲಿ ಮದ್ಯ ಕುಡಿದವರೇ. ಮಿಕ್ಕದ್ದು 144 ಬಾಟಲಿಗಳಿಗೆ ಮಾತ್ರ ಸಾಕಾಯಿತು. ಇದರ ಹಿಂದೆಯೇ 10 ಮತ್ತು 12 ವರ್ಷದವೂ ಬಂದವು. ಸಂಸ್ಥೆಯ 75ನೆಯ ವರ್ಷಕ್ಕೆ 2023ರಲ್ಲಿ 15 ವರ್ಷ ಮಾಗಿದ ಎಕ್ಸ್‌ಪೆಡಿಷನ್ನಿನ 75 ಬಾಟಲಿಗಳು ಹೊರಬಂದವು. ನೀಲಕಂಠ ಜಗದಾಳೆ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಭಾರತದ ವಿಸ್ಕಿಗೆ ಜಗತ್ತಿನಲ್ಲಿ ಇಂದು ಸಿಗುತ್ತಿರುವ ಗೌರವಕ್ಕೆ ಅವರ ಹಟ ಮತ್ತು ತಾಳ್ಮೆ ಬುನಾದಿ.

ಕರ್ನಾಟಕದ ಇತರ ಕೊಂಡಿಗಳು

ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ತನ್ನ ಮಾಲ್ಟನ್ನು ಗೋವಾದಲ್ಲಿ ಮಾಗಿಸಿ, 2012ರಲ್ಲಿ ಪಾಲ್ ಜಾನ್ ಹೆಸರಿನಿಂದ ಲಂಡನ್ನಿನಲ್ಲಿ ಬಿಡುಗಡೆ ಮಾಡಿತು. ಅದರ ಮಿಥುನ ಎಂಬ ವಿಸ್ಕಿಯನ್ನು ಜಿಮ್ ಮರ್ರೆ 2021ರ ಆವೃತ್ತಿಯಲ್ಲಿ ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟರು. ಕಡಲ ತೀರದ ಸೆಕೆ ಮತ್ತು ತೇವದಲ್ಲಿ ಮಾಗಿದ್ದಕ್ಕೂ ಬಯಲುಸೀಮೆಯ ಒಣಹವೆಯಲ್ಲಿ ಮಾಗಿದ್ದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಪಾಲ್ ಜಾನ್ ಮತ್ತು ಅಮೃತ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಬೆಂಗಳೂರಿನ ಖೋಡೆ ಸಂಸ್ಥೆ 1968ರಲ್ಲಿ ಪೀಟರ್ ಸ್ಕಾಟ್ ವಿಸ್ಕಿಯನ್ನು ಮಾರುಕಟ್ಟೆಗೆ ತಂದಿತ್ತು. ಹೆಸರಿನಲ್ಲಿರುವ ಸ್ಕಾಟ್ ಪದಕ್ಕೆ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ತೆಗೆಯಿತು. 2008ರ ಮೇ 27ರಂದು ಸುಪ್ರೀಂ ಕೋರ್ಟ್ ಖೋಡೆಯವರ ಪರ ತೀರ್ಪು ಕೊಟ್ಟಿತು. ಅಸೋಸಿಯೇಷನ್ ಬಹಳ ತಡಮಾಡಿ ಬಂದಿದೆ, ಇಂಥ ವಿಸ್ಕಿ ಕೊಳ್ಳುವವರು ತಿಳಿವಳಿಕೆಯುಳ್ಳವರು ಎಂಬುದು ನ್ಯಾಯಾಲಯದ ಮುಖ್ಯ ವಾದ. ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ 2007ರಲ್ಲಿ ಡಾಲ್ಮೋರ್, ಜೂರಾ ಮಾಲ್ಟ್‌ಗಳ ಒಡೆತನದ ವೈಟ್ ಅಂಡ್ ಮ್ಯಾಕೆ ಸಂಸ್ಥೆಯನ್ನು ಕೊಂಡು 2014ರಲ್ಲಿ ಮಾರಿತು. 2022ರಲ್ಲಿ ಬಾಟಲಿಗಳ ಲೆಕ್ಕದಲ್ಲಿ ಭಾರತ ಸ್ಕಾಚಿನ ಅತಿದೊಡ್ಡ ಮಾರುಕಟ್ಟೆಯಾಯಿತು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು.

ಬಾಟಲಿಯ ಚೀಟಿ ಓದುವುದು

ಚೀಟಿಯ ಮೇಲೆ 12 ವರ್ಷ ಎಂದಿದ್ದರೆ, ಅದರೊಳಗಿನ ಅತಿ ಕಿರಿಯ ಮದ್ಯ 12 ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. ಹಿರಿಯ ಮದ್ಯವೂ ಬೆರೆತಿರಬಹುದು. ಬಾಟಲಿಗೆ ಬಂದ ಮೇಲೆ ವಯಸ್ಸು ನಿಲ್ಲುತ್ತದೆ. 12 ವರ್ಷದ ಬಾಟಲಿಯನ್ನು ಕಪಾಟಿನಲ್ಲಿ ಹತ್ತು ವರ್ಷ ಇಟ್ಟರೂ ಅದು 12 ವರ್ಷದ್ದೇ. ಅಮೃತ್ ಮತ್ತು ಪಾಲ್ ಜಾನ್ ಬಾಟಲಿಗಳ ಮೇಲೆ ಬಹುಮಟ್ಟಿಗೆ ವಯಸ್ಸೇ ಇರುವುದಿಲ್ಲ. ನಾಲ್ಕೈದು ಎಂಬ ಅಂಕಿ ಸ್ಕಾಚಿನ ಲೆಕ್ಕಕ್ಕೆ ಒಗ್ಗಿದ ಗ್ರಾಹಕನಿಗೆ ತಪ್ಪು ತಿಳಿವಳಿಕೆ ಕೊಡುತ್ತದೆ.

ಕ್ಯಾಸ್ಕ್ ಸ್ಟ್ರೆಂತ್ ಎಂದರೆ ಪೀಪಾಯಿಯ ಕಡುಪಿನಲ್ಲೇ ತುಂಬಿದ್ದು. ಅದು ಹೆಚ್ಚಾಗಿ ಶೇ. 55ರಿಂದ 62ರ ನಡುವೆ ಇರುತ್ತದೆ. ನಾನ್ ಚಿಲ್ ಫಿಲ್ಟರ್ಡ್ ಎಂದಿದ್ದರೆ ತಂಪಾಗಿಸಿ ಸೋಸಿಲ್ಲ ಎಂದರ್ಥ. ಶೇ. 46ಕ್ಕಿಂತ ಕಡಿಮೆ ಕಡುಪಿನ ವಿಸ್ಕಿಗೆ ಐಸ್ ಅಥವಾ ತಣ್ಣೀರು ಸೇರಿದಾಗ ಅದರ ಕೊಬ್ಬಿನ ಎಸ್ಟರ್‌ಗಳು ಮಬ್ಬು ಕಟ್ಟುತ್ತವೆ. ಆ ಮಬ್ಬು ತಪ್ಪಿಸಲು ಸೋಸುವಾಗ ಬಾಯಿಗೆ ಮೈ ಕೊಡುವ ಜಿಡ್ಡೂ ಸ್ವಲ್ಪ ಹೋಗುತ್ತದೆ. ಬಣ್ಣವನ್ನು ಕ್ಯಾರಮೆಲ್‌ನಿಂದ ಗಾಢ ಮಾಡಲು ಅವಕಾಶವಿರುವುದರಿಂದ, ಕಂದು ಬಣ್ಣ ಕಂಡ ಮಾತ್ರಕ್ಕೆ ಹಳೆಯದೆಂದು ತಿಳಿಯಬಾರದು.

ಆಸ್ವಾದನೆಯ ಕ್ರಮ

ಆಸ್ವಾದನೆಗೆ ಬೇಕಾದ ಪ್ರಮಾಣ ಅತ್ಯಲ್ಪ. 15ರಿಂದ 20 ಮಿಲಿಲೀಟರ್, ಎಂದರೆ ಅರ್ಧ ಪೆಗ್ ಸಾಕು. ಊಟವಾದ ಕೂಡಲೇ, ನೆಗಡಿಯಿದ್ದಾಗ, ಎಲೆ ಅಡಿಕೆ ಹಾಕಿದ ಮೇಲೆ ಅಥವಾ ಅಗರಬತ್ತಿ ಹಚ್ಚಿದ ಕೋಣೆಯಲ್ಲಿ ಮೂಗು ಕೆಲಸ ಮಾಡುವುದಿಲ್ಲ. ಹಸಿವಿನ ಹೊತ್ತು ಮೂಗಿಗೆ ಚುರುಕು, ಆದರೆ ಬರಿ ಹೊಟ್ಟೆಯಲ್ಲಿ ಕುಡಿಯುವುದು ಒಳ್ಳೆಯದಲ್ಲ. ಊಟವಾಗಿ ಎರಡು ಗಂಟೆಯ ನಂತರದ ಸಮಯ ಸೂಕ್ತ.

ಲೋಟ: ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಲೋಟ ಪರಿಮಳವನ್ನು ಕೂಡಿಹಿಡಿಯುತ್ತದೆ. ಸ್ಕಾಟ್ಲೆಂಡಿನ ರೇಮಂಡ್ ಡೇವಿಡ್ಸನ್ ರೂಪಿಸಿ 2001ರಲ್ಲಿ ಮಾರುಕಟ್ಟೆಗೆ ಬಂದ ಗ್ಲೆನ್‌ಕೇರ್ನ್ ಲೋಟ ಈಗ ಎಲ್ಲೆಡೆ ರೂಢಿಯಲ್ಲಿದೆ. ಬಾರುಗಳಲ್ಲಿ ಕೊಡುವ ಅಗಲ ಬಾಯಿಯ ಲೋಟದಲ್ಲಿ ಕಂಪು ಚದುರಿಹೋಗುತ್ತದೆ.

ನೋಟ: ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡಬೇಕು. ಲೋಟವನ್ನು ವಾಲಿಸಿ ನೆಟ್ಟಗೆ ಮಾಡಿದಾಗ ಗೋಡೆಯ ಮೇಲೆ ಇಳಿಯುವ ಗೆರೆಗಳು ಮದ್ಯದ ಕಡುಪು ಮತ್ತು ಜಿಡ್ಡಿನ ಸೂಚನೆ ಕೊಡುತ್ತವೆ. ಗುಣದ ತೀರ್ಪು ಅವುಗಳಿಂದ ಸಿಗದು. ಬಣ್ಣ ಮನಸ್ಸನ್ನು ಮೊದಲೇ ಒಂದು ಕಡೆಗೆ ವಾಲಿಸುವುದರಿಂದ ವೃತ್ತಿನಿರತರು ಕಡುನೀಲಿ ಗಾಜಿನ ಲೋಟ ಬಳಸುವುದೂ ಉಂಟು.

ಮೂಗು: ಆಸ್ವಾದನೆಯ ಮುಕ್ಕಾಲು ಪಾಲು ಇಲ್ಲಿದೆ. ಹೊಯ್ದ ವಿಸ್ಕಿಯನ್ನು ಹತ್ತು ನಿಮಿಷ ಬಿಟ್ಟರೆ ಹಸಿ ಘಾಟು ಇಳಿಯುತ್ತದೆ. ಲೋಟವನ್ನು ಮೊದಲು ಗದ್ದದ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಮೂಗಿನತ್ತ ತರಬೇಕು. ತುಟಿ ಸ್ವಲ್ಪ ತೆರೆದಿದ್ದರೆ ಆಲ್ಕೋಹಾಲಿನ ಇರಿತ ಕಡಿಮೆ. ವೈನಿನಂತೆ ಜೋರಾಗಿ ತಿರುಗಿಸಿದರೆ ಮೂಗಿಗೆ ಬಡಿಯುವುದು ಆಲ್ಕೋಹಾಲ್ ಮಾತ್ರ. ಎರಡು ಮೂರು ಚಿಕ್ಕ ಉಸಿರಿನ ಮೇಲೆ ಬಿಡುವು ಕೊಡಬೇಕು. ಮೂಗು ದಣಿದರೆ ಸ್ವಂತ ಅಂಗೈ ಹಿಂಬದಿಯನ್ನು ಮೂಸಿದರೆ ಸಾಕು, ಮತ್ತೆ ಸರಿಹೋಗುತ್ತದೆ.

ನಾಲಿಗೆ: ಮೊದಲ ಗುಟುಕು ಬಾಯನ್ನು ಕಡುಪಿಗೆ ಒಗ್ಗಿಸಲು. ಎರಡನೆಯ ಗುಟುಕನ್ನು ನಾಲಿಗೆಯ ಮೇಲೆಲ್ಲ ಹೊರಳಿಸಿ ಹತ್ತು ಸೆಕೆಂಡು ಇಟ್ಟುಕೊಳ್ಳಬೇಕು. ಸಿಹಿ, ಕಹಿ, ಹುಳಿ, ಉಪ್ಪುಗಳನ್ನು ನಾಲಿಗೆ ಅರಿಯುತ್ತದೆ. ಖಾರ ಮತ್ತು ಉರಿ ಬಾಯಿಯ ನರಗಳ ಅನುಭವ. ಮಿಕ್ಕ ಸೂಕ್ಷ್ಮಗಳೆಲ್ಲ ಬಾಯಿಯ ಹಿಂದಿನಿಂದ ಮೂಗಿಗೇರುವ ಪರಿಮಳಗಳು. ಅವನ್ನು ಹಿಡಿಯಲು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು.

ಕೊನೆ: ನುಂಗಿದ ಮೇಲೆ ಏನು ಉಳಿಯುತ್ತದೆ, ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಬದಲಾಗುತ್ತದೆ ಎಂಬುದು ಮಾಗುವಿಕೆಯ ನಿಜವಾದ ಪರೀಕ್ಷೆ. ಚೆನ್ನಾಗಿ ಮಾಗಿದ್ದು ಸಿಹಿಯಿಂದ ಮಸಾಲೆಗೆ, ಮಸಾಲೆಯಿಂದ ಹದವಾದ ಒಗರಿಗೆ ಸಾಗುತ್ತದೆ. ಹಸಿಯಾಗಿದ್ದರೆ ಗಂಟಲು ಉರಿದು ಅಲ್ಲಿಗೇ ಮುಗಿಯುತ್ತದೆ. ಮರದಲ್ಲಿ ಹೆಚ್ಚು ಕಾಲ ಉಳಿದಿದ್ದರೆ ನಾಲಿಗೆ ಒಣಗಿ ಕಹಿ ಉಳಿಯುತ್ತದೆ.

ನೀರು: ಮೊದಲು ಹಾಗೆಯೇ ನೋಡಿ, ಆಮೇಲೆ ಕೋಣೆಯ ಹದದ ನೀರನ್ನು ಹನಿಹನಿಯಾಗಿ ಸೇರಿಸಿ ಮತ್ತೆ ನೋಡುವುದು ಸರಿಯಾದ ಕ್ರಮ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಮಾದರಿಯ ಮೂಲಕ ಇದರ ಕಾರಣ ತೋರಿಸಿದರು. ಹೊಗೆಯ ಪರಿಮಳ ಕೊಡುವ ಗ್ವಾಯಾಕಾಲ್ ಅಣುಗಳನ್ನು ಹೆಚ್ಚಿನ ಕಡುಪಿನಲ್ಲಿ ಆಲ್ಕೋಹಾಲ್ ಸುತ್ತುವರಿದು ಒಳಗೇ ಹಿಡಿದಿಡುತ್ತದೆ. ಶೇ. 45ಕ್ಕೆ ಇಳಿದಾಗ ಅವು ದ್ರವದ ಮೇಲ್ಮೈಗೆ ಬರುತ್ತವೆ. ಐಸ್ ಹಾಕಿದರೆ ಪರಿಮಳ ಮುದುಡುತ್ತದೆ, ಸೋಡಾ ಹಾಕಿದರೆ ಗುಳ್ಳೆಗಳ ಚುರುಕು ಸೂಕ್ಷ್ಮಗಳನ್ನು ಮುಚ್ಚುತ್ತದೆ.

ಅಮೃತ್ ಫ್ಯೂಷನ್ ಈ ಅಭ್ಯಾಸಕ್ಕೆ ಒಳ್ಳೆಯ ಪಠ್ಯ. ಅದರ ಕಡುಪು ಶೇ. 50. ನೀರಿಲ್ಲದೆ ಮೂಸಿದಾಗ ಹುರಿದ ಬಾರ್ಲಿ, ವೆನಿಲಾ ಮತ್ತು ಓಕ್ ಮುಂದೆ ಬರುತ್ತವೆ, ಹೊಗೆ ಹಿಂದೆ ಉಳಿಯುತ್ತದೆ. ಬಾಯಲ್ಲಿ ಚಾಕೊಲೇಟಿನ ಕಹಿಸಿಹಿ, ಒಣಶುಂಠಿಯ ಕಾವು. ಒಂದು ಚಮಚೆ ನೀರು ಬಿದ್ದ ಮೇಲೆ ಹೊಗೆ ಎದ್ದುಬರುತ್ತದೆ, ಅದರ ಬೆನ್ನಿಗೆ ಹಣ್ಣಿನ ಸಿಹಿ ಕಾಣುತ್ತದೆ. ಖಾಲಿ ಲೋಟವನ್ನು ತೊಳೆಯದೆ ಬಿಟ್ಟು ಮರುದಿನ ಬೆಳಿಗ್ಗೆ ಮೂಸಿದರೆ ಆಲ್ಕೋಹಾಲೆಲ್ಲ ಹೋಗಿ ಮರ ಮತ್ತು ಹೊಗೆ ಮಾತ್ರ ಉಳಿದಿರುತ್ತವೆ. ಪೀಪಾಯಿಯ ಗುಣ ಅರಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಪರಿಮಳಗಳ ಗುರುತು

1970ರ ದಶಕದ ಕೊನೆಗೆ ಸ್ಕಾಟ್ಲೆಂಡಿನ ಪೆಂಟ್‌ಲೆಂಡ್ಸ್ ಸಂಶೋಧನಾ ಸಂಸ್ಥೆ ವಿಸ್ಕಿಯ ಪರಿಮಳಗಳನ್ನು ವರ್ಗೀಕರಿಸಿ ಒಂದು ಚಕ್ರ ರಚಿಸಿತು. ಧಾನ್ಯ, ಹಣ್ಣು, ಹೂವು, ಹೊಗೆ, ಮರ, ಗಂಧಕ ಮುಂತಾದ ಗುಂಪುಗಳು ಅದರಲ್ಲಿವೆ. ಅದರ ಉದಾಹರಣೆಗಳು ಬ್ರಿಟನ್ನಿನ ಅಡುಗೆಮನೆ ಮತ್ತು ತೋಟದವು. ಕಂಡಿರದ ಹೀದರ್ ಹೂವಿನ, ತಿಂದಿರದ ಹಣ್ಣಿನ ಹೆಸರನ್ನು ಬಾಯಿಪಾಠ ಮಾಡಿದರೆ ಮೂಗು ಕಲಿಯುವುದಿಲ್ಲ. ನೆನಪಿನಲ್ಲಿ ಗಟ್ಟಿಯಾಗಿ ಕೂತ ವಾಸನೆಗಳೊಂದಿಗೆ ಹೋಲಿಸಿದಾಗಲೇ ಗುರುತು ನಿಲ್ಲುವುದು.

ಹುಲಗೂರು, ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರುಗಳನ್ನೊಳಗೊಂಡ ಹಾವೇರಿ ಸೀಮೆ ಈ ದೃಷ್ಟಿಯಿಂದ ಸಿರಿವಂತ. ಹಾವೇರಿಯ ಏಲಕ್ಕಿ ಮಾಲೆಯನ್ನು ಹತ್ತಿರದಿಂದ ಮೂಸಿದವರಿಗೆ ಅಮೃತ್ ಮಾಲ್ಟಿನ ಸಿಹಿಮಸಾಲೆ ತಟ್ಟನೆ ಸಿಗುತ್ತದೆ. ಖಾರಕ್ಕಿಂತ ಬಣ್ಣ ಮತ್ತು ಕಂಪು ಹೆಚ್ಚಾದ ಬ್ಯಾಡಗಿ ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದಾಗ ಬರುವ ವಾಸನೆ ಗಾಢ ಓಕಿನ ಬೆಚ್ಚನೆಯ ಮಸಾಲೆಗೆ ಹತ್ತಿರ. ಸವಣೂರಿನ ವೀಳ್ಯದೆಲೆಯಲ್ಲಿ ಲವಂಗದ ಎಳೆಯಿದೆ. ಓಕ್ ಸುಟ್ಟಾಗ ಹುಟ್ಟುವ ಯೂಜಿನಾಲ್‌ನಲ್ಲೂ ಅದೇ ಎಳೆ. ಹಾನಗಲ್ ತೋಟಗಳ ಆಪೂಸು ಮಾವು ಬರ್ಬನ್ ಪೀಪಾಯಿಯ ಹಣ್ಣಿನ ಸಿಹಿಗೆ, ಆಲೆಮನೆಯ ಕುದಿಯುವ ಬೆಲ್ಲದ ಪಾಕ ಕ್ಯಾರಮೆಲ್ ಸಿಹಿಗೆ, ಒಣಕೊಬ್ಬರಿ ಲ್ಯಾಕ್ಟೋನಿಗೆ ಸರಿಯಾದ ಮಾದರಿಗಳು. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದ ಮೇಲೆ ಸುಟ್ಟು ಉದುರಿಸಿದ ಸೀತನಿ ತಿಂದವರಿಗೆ ಪೀಟ್ ಹಾಕಿದ ಮಾಲ್ಟಿನ ಧಾನ್ಯ ಮತ್ತು ಹೊಗೆಯ ಕೂಡುವಿಕೆ ಬಿಡಿಸಿ ಹೇಳಬೇಕಿಲ್ಲ. ಈ ಸಾಮಗ್ರಿಗಳನ್ನು ಚಿಕ್ಕ ಬಟ್ಟಲುಗಳಲ್ಲಿಟ್ಟು ಕಣ್ಣು ಮುಚ್ಚಿ ಗುರುತಿಸುವ ಅಭ್ಯಾಸ ಮಾಡಿದರೆ, ಮದ್ಯದ ಹನಿ ಮುಟ್ಟದೆಯೂ ಮೂಗು ಪಳಗುತ್ತದೆ.

ಇಡುವ ಬಗೆ

ಕಾರ್ಕ್ ಹಾಕಿದ ವಿಸ್ಕಿ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಬೇಕು. ಮಲಗಿಸಿದರೆ ಕಡುಮದ್ಯ ಕಾರ್ಕನ್ನು ತಿನ್ನುತ್ತದೆ. ತೆರೆದ ಬಾಟಲಿ ಮುಕ್ಕಾಲು ತುಂಬಿದ್ದರೆ ತಿಂಗಳುಗಟ್ಟಲೆ ಕೆಡದು. ಕಾಲುಭಾಗಕ್ಕೆ ಇಳಿದ ಮೇಲೆ ಗಾಳಿಯ ಪಾಲು ಹೆಚ್ಚಿ ಕಂಪು ಮಂಕಾಗುತ್ತದೆ. ಆಗ ಚಿಕ್ಕ ಬಾಟಲಿಗೆ ಹೊಯ್ದಿಡುವುದು ಲೇಸು.

ಕಾನೂನು ಮತ್ತು ಆರೋಗ್ಯ

ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ಮದ್ಯ ಮಾರುವಂತಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸುವುದು ಅಪರಾಧ. ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಎಂಬುದು ಸ್ಥಾಪಿತ ಸಂಗತಿ. ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ದುಬಾರಿ ಮಾಲ್ಟ್ ಆದ ಮಾತ್ರಕ್ಕೆ ಈ ಮಾತಿಗೆ ವಿನಾಯಿತಿಯಿಲ್ಲ. ವೃತ್ತಿಯಲ್ಲಿ ದಿನವೂ ರುಚಿ ನೋಡುವವರು ಬಹುತೇಕ ಮೂಗಿನಿಂದಲೇ ತೀರ್ಮಾನಿಸಿ, ಬಾಯಿಗೆ ಹಾಕಿದ್ದನ್ನು ಉಗುಳುತ್ತಾರೆ. ಕುಡಿಯದವರು ಕುಡಿಯಲು ಆರಂಭಿಸಬೇಕಾದ ಕಾರಣ ಯಾವುದೂ ಇಲ್ಲ. ಕುಡಿಯುವವರಿಗೆ, ಕಡಿಮೆ ಹೊಯ್ದು ಹೆಚ್ಚು ಹೊತ್ತು ಗಮನಿಸುವ ಆಸ್ವಾದನೆಯ ಶಿಸ್ತು ಮಿತಿಯನ್ನೂ ಕಲಿಸುತ್ತದೆ.

ಮೌಲ್ಯಮಾಪನ

ಮಾಲ್ಟುಗಳನ್ನು ತೂಗುವಾಗ ಮೂರು ಮಾದರಿಗಳನ್ನು ಹೆಸರು ಮುಚ್ಚಿ ಸಾಲಾಗಿ ಇಡುವುದು ಉತ್ತಮ ವಿಧಾನ: ಒಂದು ಸ್ಪೇಸೈಡಿನ 12 ವರ್ಷದ್ದು, ಒಂದು ಬೆಂಗಳೂರಿನದು, ಕೊನೆಗೆ ಹೊಗೆಯದು. ಪರಿಮಳ, ರುಚಿ, ಕೊನೆ ಮತ್ತು ಸಮತೋಲ, ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಬರೆದ ಮೇಲೆಯೇ ಚೀಟಿ ನೋಡಬೇಕು. ಗ್ಲಾಸ್ಗೋದ ಬಾರಿನಲ್ಲಿ ಅಮೃತ್ ಗೆದ್ದದ್ದು ಇಂಥ ಮುಚ್ಚಿದ ಪರೀಕ್ಷೆಯಲ್ಲಿ. ಚೀಟಿ ಕಾಣುತ್ತಿದ್ದರೆ ಮೊದಲ ತೀರ್ಪು ಬೇರೆಯೇ ಆಗಿರುತ್ತಿತ್ತು. ಮದ್ಯ ಎಷ್ಟು ಕಾಲ ಮರದಲ್ಲಿತ್ತು ಎಂಬುದನ್ನು ವಯಸ್ಸಿನ ಅಂಕಿ ಪ್ರಾಮಾಣಿಕವಾಗಿ ಹೇಳುತ್ತದೆ. ಆ ಮರ ಹೇಗಿತ್ತು, ಆ ಊರಿನ ಬಿಸಿಲು ಎಷ್ಟಿತ್ತು, ಪೀಪಾಯಿಯನ್ನು ಯಾವ ದಿನ ತೆರೆಯಬೇಕೆಂದು ಮೇಸ್ತ್ರಿ ಎಷ್ಟು ಸರಿಯಾಗಿ ನಿರ್ಧರಿಸಿದ ಎಂಬುದನ್ನು ಆಸ್ವಾದಕ ತನ್ನ ಮೂಗಿನಿಂದಲೇ ಅರಿಯಬೇಕು.